ಬೆರಕೆ ಕೀಳುವ ಊರು

ಮಾರ್ಚ್ ೯, ೨೦೦೩

ಅಪ್ಪನಿಗೆ,

ಫೋನಿನಲ್ಲಿ ನೀವು ಮಗಳಿಗೆ "ಹೂಂ" ಬಿಟ್ಟು ಬೇರೇನೂ ಹೇಳುವವರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಪ್ಲಮ್ ಹೂ ಆಗಲೇ ಉದುರಿತು. ನಮ್ಮೂರು ಹಿನಾಸಾವಾದಲ್ಲಿ ಹಿಮ ಇನ್ನೂ ಸೊಂಟದವರೆಗೆ ಇರಬೇಕು.

ಎರಡು ಸುದ್ದಿ ಇವೆ. ಕೆಟ್ಟದ್ದು ಮೊದಲು. ಈ ತಿಂಗಳ ಕೊನೆಗೆ ಸಂಶೋಧನಾ ಕೇಂದ್ರದಲ್ಲಿ ನಮ್ಮ ಯೋಜನೆ ಮುಗಿಯುತ್ತದೆ, ಅದರ ಜೊತೆಗೆ ನನ್ನ ಕೆಲಸವೂ. ಗಾಜಿನ ಮನೆಯನ್ನು ಟೊಮೆಟೊ ವಿಭಾಗದವರಿಗೆ ಕೊಟ್ಟಾಗಿದೆ. ಮೇಲಿನವರು ಕರೆಸಿ, ಚಹಾ ಕೊಟ್ಟು, ಒಂಬತ್ತು ವರ್ಷ ಹುಡುಕಿದ್ದೀರಿ, ಇನ್ನು ಸಾಕಲ್ಲವೇ ಎಂದರು. ನಾನು ಚಹಾ ಕುಡಿದು ಎದ್ದು ಬಂದೆ.

ಒಳ್ಳೆಯ ಸುದ್ದಿ ಏನೆಂದರೆ, ಸಿಕ್ಕಿದೆ.

ನನ್ನ ಕೆಲಸ ಏನೆಂದು ನಿಮಗೆ ಒಮ್ಮೆಯೂ ಸರಿಯಾಗಿ ಹೇಳಿಲ್ಲ. ನೀವು ಕೇಳಿಯೂ ಇಲ್ಲ. ಭತ್ತದ ಕೆಲವು ಗುಣಗಳು ಉಂಟು ಅಥವಾ ಇಲ್ಲ ಎನ್ನುವಂಥವು. ಬೆಂಕಿ ರೋಗವನ್ನು ತಾಳಿಕೊಳ್ಳುವ ಗುಣ ಹಾಗಲ್ಲ, ಅದು ಇಷ್ಟು ಅಷ್ಟು ಎನ್ನುವ ಗುಣ, ಎತ್ತರದ ಹಾಗೆ, ತೂಕದ ಹಾಗೆ. ಅದರ ಹಿಂದೆ ಒಂದೇ ಜೀನ್ ಇರುವುದಿಲ್ಲ. ನಾಲ್ಕಾರು ಕಡೆ ಹಂಚಿಕೊಂಡು ಕೂತಿರುತ್ತವೆ, ಒಂದೊಂದೂ ಸ್ವಲ್ಪ ಸ್ವಲ್ಪ ಕೊಡುತ್ತದೆ. ಅವು ಎಲ್ಲೆಲ್ಲಿವೆ ಎಂದು ನಕ್ಷೆ ಬರೆಯುವುದು ನನ್ನ ಕೆಲಸ. ರೋಗಕ್ಕೆ ಜಗ್ಗದ ಹಳೆಯ ಬೆಟ್ಟದ ಭತ್ತವನ್ನು ನೀವು ಬೆಳೆಯುವ ರುಚಿಯ ಭತ್ತದೊಂದಿಗೆ ಕೂಡಿಸುತ್ತೇವೆ. ಮಕ್ಕಳು ಮೊಮ್ಮಕ್ಕಳನ್ನು ಸಾವಿರಗಟ್ಟಲೆ ಬೆಳೆಸುತ್ತೇವೆ. ಯಾವ ಸಸಿಗೆ ಎಷ್ಟು ಚುಕ್ಕೆ ಬಿತ್ತು, ಯಾವ ಸಸಿ ಯಾವ ಅಜ್ಜನಿಂದ ಯಾವ ತುಂಡು ಪಡೆಯಿತು, ಎರಡನ್ನೂ ತಾಳೆ ಹಾಕಿ ನೋಡುತ್ತೇವೆ.

ದೊಡ್ಡ ಜಾಗವೊಂದು ಸಿಕ್ಕಿ ಆರು ವರ್ಷವಾಯಿತು. ಆದರೆ ಅದಕ್ಕೆ ಅಂಟಿಕೊಂಡೇ ಅನ್ನವನ್ನು ಕೆಡಿಸುವ ಇನ್ನೊಂದಿದೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದೆ ಎನ್ನುತ್ತಾರೆ. ಇಲ್ಲಿ ನಾರಿನ ಜೊತೆ ಹೂವು ನರಕಕ್ಕೆ ಹೋಗುತ್ತದೆ. ರೋಗ ತಾಳಿದ ಸಸಿಯ ಅನ್ನ ಹಸುವೂ ಮೂಸದ ಹಾಗೆ. ರುಚಿಯ ಅನ್ನ ಕೊಡುವ ಸಸಿ ಜುಲೈಯಲ್ಲೇ ಸುಟ್ಟು ಹೋಗುತ್ತದೆ. ಇವೆರಡರ ನಡುವೆ ತಂತು ಕಡಿದು ಬೇರೆಯಾದ ಸಸಿಯೊಂದು ಬೇಕಿತ್ತು. ಫೆಬ್ರವರಿಯಲ್ಲಿ ಸಿಕ್ಕಿತು, ಒಂದೇ ಒಂದು. ಎಲೆ ಪರೀಕ್ಷೆ ಮಾಡಿದಾಗ ನಂಬಲಿಲ್ಲ. ಮತ್ತೆ ಮಾಡಿದೆ. ಆಮೇಲೆ ಶೌಚಾಲಯಕ್ಕೆ ಹೋಗಿ ಅತ್ತೆ.

ಅದಕ್ಕೆ ಈಗ ಇರಲು ಜಾಗವಿಲ್ಲ. ಈ ಬೇಸಿಗೆ ನಮ್ಮ ಮೇಲಿನ ಗದ್ದೆಯಲ್ಲಿ ಇಡಬಹುದೇ? ದೇವದಾರು ನೆರಳಿನಲ್ಲಿ ಮಂಜು ಹತ್ತು ಗಂಟೆಯಾದರೂ ಏಳುವುದಿಲ್ಲ, ಕಣಿವೆಗೆ ರೋಗ ಬಂದರೆ ಮೊದಲು ಅಲ್ಲಿಗೇ. ಅಲ್ಲಿ ಉಳಿದರೆ ಎಲ್ಲಿಯೂ ಉಳಿಯುತ್ತದೆ. ಉಳಿದರೆ ತಮೊತ್ಸು ಅಣ್ಣ ಬೆನ್ನಿಗೆ ಔಷಧದ ಡಬ್ಬಿ ಕಟ್ಟಿಕೊಳ್ಳುವುದು ಮುಗಿಯುತ್ತದೆ.

ಮಿಸಾವೊ


ಮಾರ್ಚ್ ೧೬

ಮಿಸಾವೊಗೆ,

ಪತ್ರ ತಲುಪಿತು. ಮತ್ತೆ ಮತ್ತೆ ಓದಿದೆ. ಅರ್ಥವಾದಷ್ಟು ಆಯಿತು.

ನಮ್ಮದು ಬೀಜದ ಊರು. ಕಣಿವೆಯ ಎಲ್ಲ ಮನೆಯವರೂ ಸಹಿ ಹಾಕಿದ್ದೇವೆ. ಒಂದೇ ತಳಿ. ಬೇರೆ ಭತ್ತವನ್ನು ಬಕೆಟ್ಟಿನಲ್ಲಿಯೂ ಬೆಳೆಸುವಂತಿಲ್ಲ. ನೆರೆಮನೆಯ ಯಹಾಗಿ ತನ್ನ ಹೆಂಡತಿಯ ತಿಥಿಗೆ ಅಂಟಕ್ಕಿಯನ್ನು ಪೇಟೆಯಿಂದ ಕೊಂಡು ತರುತ್ತಾನೆ, ಹಿತ್ತಲಲ್ಲಿ ನಾಲ್ಕು ಬುಡ ಹಾಕಿಕೊಳ್ಳುವುದಿಲ್ಲ. ಹಿನಾಸಾವಾ ಎಂಬ ಚೀಟಿ ನೋಡಿದರೆ ಜಿಲ್ಲೆಯವರು ಕಣ್ಣು ಮುಚ್ಚಿ ಬಿತ್ತುತ್ತಾರೆ. ಇದು ನನ್ನ ಅಪ್ಪನ ಕಾಲದಿಂದ ಬಂದದ್ದು. ಹಾಗಾಗಿ ತರಬೇಡ.

ಮುಂದಿನ ವಾರ ಹಿರಿಯರ ಪೂಜೆಗೆ, ನಿಮ್ಮಮ್ಮನ ಸಮಾಧಿಗೆ ಬರುತ್ತೀಯಲ್ಲ. ಮನೆಗೆ ಬಂದವರ ಚೀಲ ಬಿಚ್ಚಿ ನೋಡುವ ಅಭ್ಯಾಸ ನನಗಿಲ್ಲ. ಸೌದೆ ಒಲೆಯ ಕೊಟ್ಟಿಗೆ ಬೆಚ್ಚಗಿದೆ.

ಯೊಶಿಜೊ


ಜೂನ್ ೮

ಮಿಸಾವೊ,

ನಿಮ್ಮಪ್ಪ ಬರೆಯುವುದಿಲ್ಲ ಅಂತ ನನಗೆ ಗೊತ್ತು, ಅದಕ್ಕೆ ನಿನ್ನ ಅತ್ತಿಗೆ ನಾನೇ ಬರೆಯುತ್ತಿದ್ದೇನೆ. ನೀನು ಕೊಟ್ಟುಹೋದ ಎರಡು ಬುಡಗಳೂ ಚೆನ್ನಾಗಿವೆಯಂತೆ. ಒಂದೇ ಸಸಿಯ ಬುಡದಲ್ಲಿ ಹೊರಟ ತೆಂಡೆಗಳನ್ನು ಸೀಳಿ ಮೂರು ಮಾಡಿದೆಯಂತೆ, ಒಂದು ನಿನ್ನ ಹತ್ತಿರವೇ ಇದೆಯಂತೆ. ಮಾವ ಅದನ್ನು ನನಗೆ ಹೇಳಿದ ರೀತಿ ನೋಡಬೇಕಿತ್ತು, ಊರಿನ ದೇವಸ್ಥಾನದ ಕಳ್ಳತನ ಒಪ್ಪಿಕೊಳ್ಳುವ ಹಾಗೆ.

ಚಳಿ ಮುಗಿಯುವವರೆಗೆ ಕೊಟ್ಟಿಗೆಯಲ್ಲಿ ಅವುಗಳಿಗೆ ಹೊದಿಕೆ ಹೊದಿಸಿ, ಬೆಳಿಗ್ಗೆ ತೆಗೆದು, ಏನು ಸೇವೆ! ನಾನು ಬಾಣಂತಿಯಾಗಿದ್ದಾಗ ಇಷ್ಟು ಕಾಳಜಿ ನೋಡಲಿಲ್ಲ. ನಾಟಿಯ ದಿನ ನಮ್ಮನ್ನೆಲ್ಲ ಕೆಳಗಿನ ಗದ್ದೆಗೆ ಕಳುಹಿಸಿ ತಾವೊಬ್ಬರೇ ಮೇಲಿನ ಗದ್ದೆಗೆ ಹೋದರು. ಬದುವಿನ ಪಕ್ಕದಲ್ಲಿ ಬೇರೆಯಾಗಿ ನೆಟ್ಟರೆ ದಾರಿಯಲ್ಲಿ ಹೋಗುವವರು ಕೇಳುತ್ತಾರೆ ಅಂತ ಸಾಲಿನ ನಡುವೆಯೇ ನೆಟ್ಟಿದ್ದಾರೆ. ಎಲ್ಲಿ ಅಂತ ನನಗೂ ತೋರಿಸಲಿಲ್ಲ. ಹುಡುಕಿದೆ, ಈಗ ನೋಡಲು ಎಲ್ಲ ಒಂದೇ. ತೆನೆ ಹೊರಟ ಮೇಲೆ ಊರವರು ಬೆರಕೆ ಕೀಳಲು ಬರುತ್ತಾರಲ್ಲ, ಅದಕ್ಕೇ ತೆನೆ ಹೊರಡುವ ಮೊದಲು ಮಣ್ಣು ಸಮೇತ ಕಿತ್ತು ಬಕೆಟ್ಟಿನಲ್ಲಿ ಕೊಟ್ಟಿಗೆಗೆ ತರುವುದು ಅವರ ಲೆಕ್ಕಾಚಾರ.

ನಿಮ್ಮಣ್ಣ ಆಗಲೇ ಔಷಧ ಹೊಡೆಯಲು ಶುರು ಮಾಡಿದ್ದಾರೆ. ಹೊಡೆದ ದಿನ ಅನ್ನ ಸೇರುವುದಿಲ್ಲ. ವೈದ್ಯರು ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದರಂತೆ. ಮೇಲಿನ ಗದ್ದೆಗೆ ಮಾತ್ರ ಹೊಡೆಯಬೇಡ ಅಂತ ಮಾವ ಅಪ್ಪಣೆ ಮಾಡಿದ್ದಾರೆ. ಯಾಕೆ ಅಂತ ಇವರು ಕೇಳಲಿಲ್ಲ. ಈ ಮನೆಯ ಗಂಡಸರು ಕೇಳದೆ, ಹೇಳದೆ ಹೇಗೆ ಇಷ್ಟು ವರ್ಷ ಬದುಕಿದರೋ!

ಫುಜಿಯೆ


ಜುಲೈ ೧೩

ಅಪ್ಪನಿಗೆ,

ಬೇಸಿಗೆಯೇ ಬರಲಿಲ್ಲ. ಇಲ್ಲಿ ನಾನು ಸ್ವೆಟರ್ ಹಾಕಿಕೊಂಡು ಬರೆಯುತ್ತಿದ್ದೇನೆ. ಈಶಾನ್ಯದ ತಣ್ಣನೆ ಗಾಳಿ ಅಲ್ಲಿ ಇನ್ನೂ ಜೋರಾಗಿರಬೇಕು. ನಿಮ್ಮ ಚಿಂತೆ ಏನೆಂದು ಗೊತ್ತು. ಆದರೂ ನನ್ನದನ್ನು ಹೇಳಿಬಿಡುತ್ತೇನೆ.

ನನ್ನ ಬಾಲ್ಕನಿಯ ಬಕೆಟ್ಟಿನಲ್ಲಿದ್ದ ಬುಡ ಸತ್ತುಹೋಯಿತು. ಕಾಂಡದೊಳಗೆ ಹುಳು ಕೊರೆದಿತ್ತು. ಕೆಲಸ ಹುಡುಕಲು ಓಡಾಡುತ್ತಿದ್ದೆ, ನೋಡಿದಾಗ ಸುಳಿ ಒಣಗಿತ್ತು. ಇನ್ನು ಇರುವುದು ನಿಮ್ಮ ಹತ್ತಿರದ ಎರಡೇ.

ಕೇಂದ್ರದ ಫ್ರೀಜರಿನಲ್ಲಿ ಆ ಸಸಿಯ ಎಲೆಯ ತುಣುಕಿದೆ. ಅದನ್ನು ಓದಬಹುದು, ಬಿತ್ತಲಾಗುವುದಿಲ್ಲ. ಅದರ ಒಡಹುಟ್ಟಿದ ಬೀಜಗಳಿಂದ ಮತ್ತೆ ಶುರು ಮಾಡಬೇಕೆಂದರೆ ಮತ್ತೆ ಸಾವಿರಗಟ್ಟಲೆ ಸಸಿ, ಮತ್ತೆ ವರ್ಷಗಳು, ಕೊಡುವವರು ಯಾರೂ ಇಲ್ಲ. ಎರಡು ಬುಡದಿಂದ ಒಂದು ಹಿಡಿ ಬೀಜ ಸಿಕ್ಕರೆ ಸಾಕು, ರೋಗ ಬಂದ ಗದ್ದೆಯಲ್ಲಿ ಅದು ನಿಂತದ್ದರ ಚಿತ್ರವಿದ್ದರೆ ಸಾಕು, ಯಾವ ಬಾಗಿಲು ಬೇಕಾದರೂ ತಟ್ಟುತ್ತೇನೆ. ದಯವಿಟ್ಟು ಜೋಪಾನ.

ಮಿಸಾವೊ


ಜುಲೈ ೨೭

ಮಿಸಾವೊಗೆ,

ರೋಗ ಬಂತು. ಮೇಲಿನ ಗದ್ದೆಯಲ್ಲಿ ಶುರುವಾಗಿ ಈಗ ಯಹಾಗಿಯ ಗದ್ದೆಗೂ ಇಳಿದಿದೆ. ನನ್ನ ಎಪ್ಪತ್ತು ವರ್ಷದಲ್ಲಿ ಇಷ್ಟು ಬೇಗ, ಇಷ್ಟು ಕೆಟ್ಟದಾಗಿ ನೋಡಿದ್ದು ಕಡಿಮೆ. ತಮೊತ್ಸು ಮಳೆಯ ನಡುವೆಯೇ ಔಷಧ ಹೊಡೆಯುತ್ತಿದ್ದ. ಮೊನ್ನೆ ಬದುವಿನ ಮೇಲೆ ಕೂತು ವಾಂತಿ ಮಾಡಿಕೊಂಡ. ಈಗ ಮಲಗಿದ್ದಾನೆ.

ನಿನ್ನ ಎರಡರ ಸುತ್ತ ನಾಲ್ಕು ಕಡೆಯೂ ಎಲೆಗಳು ಸುಟ್ಟ ಕಾಗದದ ಹಾಗಾಗಿವೆ. ನಿನ್ನದರ ಮೇಲೆ ಚುಕ್ಕೆ ಇಲ್ಲ. ಕನ್ನಡಕ ಒರೆಸಿಕೊಂಡು ಎಲೆ ಎಲೆ ತಿರುಗಿಸಿ ನೋಡಿದೆ. ಇಲ್ಲ.

ಉಳಿದವು ಕುಗ್ಗಿರುವುದರಿಂದ ನಿನ್ನದು ಅವಕ್ಕಿಂತ ಗೇಣು ಹೆಚ್ಚು ಎತ್ತರ ಕಾಣುತ್ತದೆ. ಬಣ್ಣವೂ ಮಾಸಲು. ಚಳಿಗೆ ಎಲ್ಲದರ ತೆನೆಯೂ ತಡವಾಗಿದೆ. ನಾಳೆಯೇ ಕಿತ್ತು ಕೊಟ್ಟಿಗೆಗೆ ತರಲೇ? ಬೇಗ ತಿಳಿಸು.

ಯೊಶಿಜೊ


ಜುಲೈ ೩೦

ಅಪ್ಪನಿಗೆ,

ನಿಮ್ಮ ಪತ್ರವನ್ನು ರೈಲಿನಲ್ಲಿ ಓದಿ ಇಳಿಯಬೇಕಾದ ನಿಲ್ದಾಣ ದಾಟಿ ಹೋದೆ.

ದಯವಿಟ್ಟು ಈಗಲೇ ಕೀಳಬೇಡಿ. ಕೊಟ್ಟಿಗೆಗೆ ತಂದಮೇಲೆ ಯಾರೂ ನಂಬುವುದಿಲ್ಲ, ರೋಗವಿಲ್ಲದ ಕಡೆ ಬೆಳೆದದ್ದು ಎನ್ನುತ್ತಾರೆ. ಸುಟ್ಟವುಗಳ ನಡುವೆ ಅದು ನಿಂತ ಹಾಗೆಯೇ ಚಿತ್ರ ತೆಗೆಯಬೇಕು, ಸುತ್ತಲಿನ ಎಲೆಗಳ ಚುಕ್ಕೆ ಎಣಿಸಬೇಕು. ಒಂಬತ್ತನೇ ತಾರೀಖು ಬರುತ್ತೇನೆ, ಅದಕ್ಕೆ ಮೊದಲು ಇಲ್ಲಿಯ ಸಂದರ್ಶನವೊಂದನ್ನು ಬಿಡುವ ಹಾಗಿಲ್ಲ. ಅಲ್ಲಿಯವರೆಗೆ ಹಾಗೆಯೇ ಇರಲಿ. ಬೇಡುತ್ತಿದ್ದೇನೆ.

ಅಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೇರೆ ವೈದ್ಯರ ಬಳಿಗೆ.

ಮಿಸಾವೊ


ಆಗಸ್ಟ್ ೬

ಮಿಸಾವೊಗೆ,

ಗದ್ದೆ ಈಗ ಸ್ವಚ್ಛವಾಗಿದೆ. ನೀನು ಬರುವ ಅಗತ್ಯವಿಲ್ಲ.

ಮಳೆ ನಿಂತಿಲ್ಲ.

ಯೊಶಿಜೊ


ಆಗಸ್ಟ್ ೨೨

ಮಿಸಾವೊ,

ನೀನು ಒಂಬತ್ತಕ್ಕೆ ಬರಲಿಲ್ಲ. ಹಿರಿಯರ ಹಬ್ಬಕ್ಕೂ ಬರಲಿಲ್ಲ. ಮಾವ ನಿನಗೆ ಏನು ಬರೆದರೋ ನಾನು ಕೇಳಿಲ್ಲ, ಕೇಳಿದರೆ ಹೇಳುವವರೂ ಅಲ್ಲ. ಆದರೆ ನಡೆದದ್ದು ನಿನಗೆ ಗೊತ್ತಿರಬೇಕು.

ಬೆರಕೆ ಕೀಳುವ ಸಾಲು ನಿನಗೆ ನೆನಪಿದೆಯಲ್ಲ? ಪ್ರತಿ ವರ್ಷ ತೆನೆ ಹೊರಟ ಮೇಲೆ ಎಲ್ಲ ಮನೆಯವರೂ ಹೆಗಲಿಗೆ ಹೆಗಲು ಸೇರಿಸಿ ಒಂದೊಂದು ಗದ್ದೆಯಲ್ಲೂ ನಡೆಯುತ್ತೇವೆ, ತಳಿಯದಲ್ಲದ್ದು ಕಂಡರೆ ಕೀಳುತ್ತೇವೆ. ತಮ್ಮ ಗದ್ದೆಯನ್ನು ತಾವೇ ನೋಡಿಕೊಂಡರೆ ಕಣ್ಣು ಮರೆಮಾಚುತ್ತದೆ, ಅದಕ್ಕೇ ಎಲ್ಲರದ್ದನ್ನೂ ಎಲ್ಲರೂ. ಈ ವರ್ಷ ರೋಗ ಹಬ್ಬಿತಲ್ಲ, ಸುಟ್ಟ ಬುಡಗಳನ್ನೂ ಒಟ್ಟಿಗೇ ತೆಗೆಯೋಣ ಅಂತ ಯಹಾಗಿ ತಾತ ಮನೆಮನೆಗೆ ಬಂದು ಹೇಳಿದರು. ಐದನೇ ತಾರೀಖು, ನಸುಕಿನಲ್ಲೇ. ತೆನೆ ಹೊರಡುವುದನ್ನೂ ಕಾಯಲಿಲ್ಲ. ನಾಳೆ ಅಂತ ಹೇಳಿದ್ದರೆ ಮಾವ ಹೇಗಾದರೂ ಮಾಡುತ್ತಿದ್ದರು. ಹೇಳಿದ ಗಳಿಗೆಯೇ ಎಲ್ಲರೂ ಬುಟ್ಟಿ ಬೆನ್ನಿಗೆ ಹಾಕಿಕೊಂಡು ನಿಂತಿದ್ದರು.

ನಮ್ಮ ಮೇಲಿನ ಗದ್ದೆಗೆ ಬಂದಾಗ ಮಾವ ಬಲದ ತುದಿಗೆ ಹೋಗಿ ನಿಂತರು. ಆಗ ನನಗೆ ಜಾಗ ಯಾವುದು ಅಂತ ಗೊತ್ತಾಯಿತು. ಎಡಕ್ಕೆ ಯಹಾಗಿ ತಾತ, ಅವರ ಪಕ್ಕ ನಾನು. ನಡೆದೆವು. ನನಗೂ ಕಂಡಿತು, ಮಿಸಾವೊ. ಕರಕಲಾದ ಸಾಲಿನ ನಡುವೆ ಎರಡು, ಉಳಿದವಕ್ಕಿಂತ ಗೇಣು ಎತ್ತರ, ಒಂದು ಚುಕ್ಕೆ ಇಲ್ಲದೆ. ಕುರುಡನಿಗೂ ಕಾಣುವ ಹಾಗಿತ್ತು. ಮಾವ ದಾಟಿಹೋದರು. ನಾನು ಉಸಿರು ಬಿಟ್ಟೆ.

ಆಗ ಯಹಾಗಿ ತಾತ ನಿಂತರು. ಬೈಗುಳದ ದನಿಯಲ್ಲೂ ಅಲ್ಲ, ತಮಾಷೆಗೇ, "ಏನಪ್ಪಾ ಯೊಶಿಜೊ, ಕಣ್ಣು ಮಂಜಾಯ್ತಾ? ಹಿಂದೆ ಎರಡು ಬಿಟ್ಟೆಯಲ್ಲೋ" ಅಂದರು.

ಸಾಲು ಪೂರ್ತಿ ನಿಂತಿತು. ಎಲ್ಲರೂ ತಿರುಗಿ ನೋಡಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಇದು ನನ್ನ ಮಗಳದು ಅಂತ. ಆದರೆ ಹೇಳಿದರೆ ಏನಾಗುತ್ತದೆ ಅಂತ ನಿನಗೂ ಗೊತ್ತು. ಬೀಜದ ಊರಿನಲ್ಲಿ ಬೇರೆ ಭತ್ತ ಬಚ್ಚಿಟ್ಟವನು ಅಂತ. ಅಷ್ಟೇ ಅಲ್ಲ, ಇಡೀ ಕಣಿವೆಯ ಬೀಜವನ್ನೇ ಜಿಲ್ಲೆಯವರು ಈ ವರ್ಷ ತಿರಸ್ಕರಿಸಬಹುದು. ರೋಗದಿಂದ ಉಳಿದದ್ದೇ ಅಷ್ಟು, ಅದೂ ಹೋದರೆ?

ಮಾವ ಹಿಂದಕ್ಕೆ ಬಂದರು. "ಹೂಂ, ಬೆರಕೆ" ಅಂದರು. ಬಗ್ಗಿ ಎರಡನ್ನೂ ಕಿತ್ತರು. ಬೇರಿನ ಮಣ್ಣನ್ನು ನೀರಿನಲ್ಲಿ ಅಲುಗಿಸಿ ತೊಳೆದು ಬುಟ್ಟಿಗೆ ಹಾಕಿಕೊಂಡರು, ಯಾವಾಗಲೂ ಮಾಡುವ ಹಾಗೆಯೇ. ನಾನೂ ಬಾಯಿ ಬಿಡಲಿಲ್ಲ.

ಬುಟ್ಟಿಯಲ್ಲೇ ಉಳಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ರೋಗದ ಬುಡಗಳನ್ನು ಸುಡಬೇಕಲ್ಲ, ಕಣಿವೆಯ ಬಾಯಲ್ಲಿ ಬೆಂಕಿ ಹಾಕಿದ್ದರು, ಒಬ್ಬೊಬ್ಬರೇ ಎಲ್ಲರ ಮುಂದೆ ಬುಟ್ಟಿ ಬೋರಲು ಹಾಕಬೇಕು. ಹಾಕಿದರು. ಆಮೇಲೆ ಯಹಾಗಿ ತಾತನ ಜಗುಲಿಯಲ್ಲಿ ಚಹಾ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಮಾವನೂ ಕೂತು ತಿಂದರು. ನಾನು ಹಿಂದಕ್ಕೆ ಹೋಗಿ ಬೂದಿ ಕೆದಕಿದೆ. ಏನು ಸಿಗುತ್ತದೆ?

ಕೈಗೆ ಬಂದ ತುತ್ತು ಅಂತಾರಲ್ಲ, ಹಾಗಾಯಿತು ನಿನ್ನ ಕಥೆ. ನಿಮ್ಮಣ್ಣನಿಗೆ ಇದು ಯಾವುದೂ ಗೊತ್ತಿಲ್ಲ, ಅವರು ಪಟ್ಟಣದ ಆಸ್ಪತ್ರೆಯಲ್ಲಿದ್ದಾರೆ. ಕೈ ನಡುಗುವುದು ನಿಂತಿಲ್ಲ.

ಮಾವನಿಗೆ ನಾಲ್ಕು ಸಾಲು ಬರೆ. ಬೈದಾದರೂ ಬರೆ.

ಫುಜಿಯೆ


ನವೆಂಬರ್ ೩೦

ಫುಜಿಯೆ ಅತ್ತಿಗೆಗೆ,

ಉತ್ತರ ತಡವಾಯಿತು. ಕೆಲಸ ಸಿಕ್ಕಿದೆ, ಡಬ್ಬಿ ಊಟದ ಕಾರ್ಖಾನೆಯಲ್ಲಿ. ಬೇಯಿಸಿದ ಅನ್ನವನ್ನು ಪುಟ್ಟ ಪುಟ್ಟ ಬಟ್ಟಲಲ್ಲಿಟ್ಟು ಕೊಡುತ್ತಾರೆ, ನಾನು ಜಗಿದು ಅಂಕ ಹಾಕುತ್ತೇನೆ. ಇಷ್ಟು ವರ್ಷದ ವಿದ್ಯೆಯಲ್ಲಿ ಅವರಿಗೆ ಉಪಯೋಗಕ್ಕೆ ಬಂದದ್ದು ನನ್ನ ನಾಲಿಗೆ ಮಾತ್ರ. ಈ ವರ್ಷ ಯಾವ ಅನ್ನವೂ ಚೆನ್ನಾಗಿಲ್ಲ. ಅರ್ಧ ಜೊಳ್ಳು, ಇನ್ನರ್ಧ ಬೇರೆ ಬೇರೆ ಸೀಮೆಗಳ ಅಕ್ಕಿಯ ಮಿಶ್ರಣ.

ನೀವು ಬರೆದದ್ದನ್ನು ಓದಿದ ಮೇಲೆ ನನಗೆ ಅಪ್ಪನ ಮೇಲೆ ಕೋಪ ಬರಲಿ ಎಂದು ಕಾದೆ. ಬಂತು. ಆದರೆ ಅದು ಹೋಗಲಿ ಎಂದು ಕಾದರೆ ಹೋಗುತ್ತಿಲ್ಲ. ಜೊತೆಗೆ ಇನ್ನೊಂದು ಬಂದು ಕೂತಿದೆ. ಅವರು ಜುಲೈಯಲ್ಲೇ ಕೀಳಲೇ ಎಂದು ಕೇಳಿದ್ದರು. ಬೇಡವೆಂದವಳು ನಾನು. ಚಿತ್ರ ಬೇಕಿತ್ತು ನನಗೆ, ನಂಬದವರ ಮುಖಕ್ಕೆ ಹಿಡಿಯಲು. ಎರಡು ಬುಡ ಕೊಟ್ಟಿಗೆಯಲ್ಲಿ ಇದ್ದಿದ್ದರೆ ಯಾರು ನಂಬದಿದ್ದರೂ ಬೀಜ ಇರುತ್ತಿತ್ತು.

ಅಪ್ಪನಿಗೆ ಬರೆಯಲು ಕೂರುತ್ತೇನೆ, ಏಳುತ್ತೇನೆ. ಅಣ್ಣನಿಗೆ ಹಣ್ಣು ಕಳುಹಿಸಿದ್ದೇನೆ. ಇದ್ಯಾವುದನ್ನೂ ಅಣ್ಣನಿಗೆ ಹೇಳಬೇಡಿ.

ಮಿಸಾವೊ


ಜುಲೈ ೨೫, ೨೦೦೪

ಮಿಸಾವೊಗೆ,

ಈ ವರ್ಷ ಬಿಸಿಲು ಚೆನ್ನಾಗಿದೆ. ತೆನೆ ಹೊರಟಿದೆ.

ನಾನು ಈ ಸಲ ಸಾಲಿಗೆ ಹೋಗಲಿಲ್ಲ. ಮಂಡಿ ನೋವು ಎಂದೆ. ಮೇಲಿನ ಗದ್ದೆಗೆ ಯಾರೂ ಇಳಿಯಬಾರದು ಎಂದೂ ಹೇಳಿದೆ. ಯಹಾಗಿ ಯಾಕೆಂದು ಕೇಳಿದ. ನನ್ನ ಗದ್ದೆ, ನನ್ನ ಇಷ್ಟ ಎಂದೆ. ಅವನು ನಮ್ಮ ಅಂಗಳಕ್ಕೆ ಬರುವುದನ್ನು ಬಿಟ್ಟಿದ್ದಾನೆ.

ಅಲ್ಲಿ ಬೆರಕೆ ಇವೆ. ಒಂದನ್ನೂ ಕಿತ್ತಿಲ್ಲ. ಒಂದು ಎತ್ತರ, ಒಂದರ ಕಾಳಿನ ತುದಿಗೆ ಕೆಂಪು ಮೀಸೆ, ಎರಡರ ಎಲೆ ಮಾಸಲು. ಹೋದ ವರ್ಷ ನಿನ್ನದರ ಹೂಪುಡಿ ಗಾಳಿಗೆ ಹಾರಿ ಎಲ್ಲಿಯಾದರೂ ಸೇರಿರಬಹುದಲ್ಲ ಎಂದು ಯೋಚನೆ ಬಂತು. ಬೀಜ ಪರೀಕ್ಷೆಯವರು ಆಗಸ್ಟ್ ನಾಲ್ಕಕ್ಕೆ ಬರುತ್ತಾರೆ. ಬೆರಕೆ ಕಂಡರೆ ಗದ್ದೆಯನ್ನು ಬೀಜದ ಪಟ್ಟಿಯಿಂದ ತೆಗೆಯುತ್ತಾರೆ. ಹೋಗಲಿ. ಅದಕ್ಕೆ ಮೊದಲು ನೀನೊಮ್ಮೆ ಬಂದು ನೋಡು. ನಿನ್ನದು ಇದೆಯೋ ಎಂದು.

ಕಿತ್ತಾಗ ಅದರ ಬೇರು ಬೆಳ್ಳಗಿತ್ತು. ಗಟ್ಟಿ ಹಿಡಿದಿತ್ತು. ಅಂಥ ಬುಡವನ್ನು ನಾನು ಬೇರೆಲ್ಲೂ ಕಿತ್ತಿಲ್ಲ. ಕೈಗೆ ಗೊತ್ತಾಯಿತು. ಆದರೂ ಕಿತ್ತೆ.

ಯೊಶಿಜೊ


ಜುಲೈ ೨೯

ಅಪ್ಪನಿಗೆ,

ಪತ್ರ ಇವತ್ತು ಬಂತು. ಅಂಚೆಗೆ ತಡವಾಗಬಾರದೆಂದು ಕಾರ್ಖಾನೆಯ ಊಟದ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ.

ಅಲ್ಲಿ ನನ್ನದು ಇಲ್ಲ. ಹೋದ ವರ್ಷ ಅದು ಹೂ ಬಿಟ್ಟಿರಲಿಲ್ಲ, ಹೂಪುಡಿ ಎಲ್ಲಿಂದ ಹಾರಬೇಕು? ಈ ವರ್ಷ ನೀವು ಬಿತ್ತಿದ ಬೀಜವೂ ನಿಮ್ಮ ಗದ್ದೆಯದಲ್ಲ, ಜಿಲ್ಲೆಯವರು ಕೊಟ್ಟ ಮೂಲ ಬೀಜ. ಇದೆಲ್ಲ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಿಟ್ಟಿದ್ದೀರಿ. ಅದನ್ನು ಓದಿ ನನಗೆ ಆದದ್ದನ್ನು ಬರೆಯಲು ಬರುವುದಿಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯೋಣವೆಂದುಕೊಂಡೆ. ಸುಳ್ಳಾಗುತ್ತದೆ. ನಿಮ್ಮನ್ನೂ ಇಲ್ಲ, ನನ್ನನ್ನೂ ಇಲ್ಲ. ಇನ್ನೆಷ್ಟು ವರ್ಷ ಹೀಗೇ ಇರುತ್ತದೋ ತಿಳಿಯದು.

ನೋಡಲು ನಾನು ಬರುವುದಿಲ್ಲ. ಬಂದರೆ ಇಲ್ಲವೆಂದು ಗೊತ್ತಿದ್ದೂ ಆ ಗದ್ದೆಗೆ ಇಳಿದು, ಒಂದೊಂದನ್ನೂ ತಿರುಗಿಸಿ ನೋಡುತ್ತಾ ಕತ್ತಲಾಗುವವರೆಗೆ ಅಲ್ಲಿಯೇ ಇರುತ್ತೇನೆ. ಬದುವಿನ ಮೇಲೆ ನೀವು ನಿಂತಿರುತ್ತೀರಿ. ಅದು ನಮ್ಮಿಬ್ಬರಿಗೂ ಬೇಡ.

ತಮೊತ್ಸು ಅಣ್ಣ ಆ ನಡುಗುವ ಕೈಯಲ್ಲಿ ಇನ್ನು ಬೀಜದ ಬೆಳೆ ಬಿಟ್ಟು ಬೇರೇನು ಮಾಡಿ ಬದುಕಬೇಕು? ಪರೀಕ್ಷೆಯವರು ಬರಲು ಇನ್ನೂ ದಿನಗಳಿವೆ. ಎತ್ತರದ್ದು, ಕೆಂಪು ಮೀಸೆಯದು, ಮಾಸಲು ಎಲೆಯವು, ಎಲ್ಲವೂ ಬರೀ ಬೆರಕೆ.

ಈ ಪತ್ರ ಕೈ ಸೇರಿದ ಕೂಡಲೇ ಹೋಗಿ ಎಲ್ಲವನ್ನೂ ಕಿತ್ತುಬಿಡಿ, ಅಪ್ಪ.

ಮಿಸಾವೊ